ಮೀಟರ್ ಬದಲಾದರೆ ಲೆಕ್ಕ ಯಾರದ್ದು?

ಕಾರಿನ ಸ್ಟಿಯರಿಂಗಿನ ಹಿಂದೆ ಇರುವ ಗಾಜಿನ ಪೆಟ್ಟಿಗೆಗೆ ಕಂಪನಿಯ ಬಿಡಿಭಾಗಗಳ ಪಟ್ಟಿಯಲ್ಲಿ ‘ಇನ್‌ಸ್ಟ್ರುಮೆಂಟ್ ಕ್ಲಸ್ಟರ್’ ಎಂಬ ಹೆಸರಿದೆ. ಗ್ಯಾರೇಜಿನಲ್ಲಿ ಮೀಟರ್ ಎಂದರೆ ಸಾಕು. ವೇಗ, ಓಡಿದ ದೂರ, ಉಳಿದ ಪೆಟ್ರೋಲು, ಎಂಜಿನ್ನಿನ ಬಿಸಿ, ಎಲ್ಲವನ್ನೂ ಹೇಳಬೇಕಾದದ್ದು ಅದೇ. ಹದಿನೈದು ವರ್ಷ ಓಡಿದ ಕಾರಿನಲ್ಲಿ ಅದು ಕೆಟ್ಟಾಗ ಮಾಲೀಕರ ಮುಂದೆ ಎರಡು ದಾರಿಗಳಿರುತ್ತವೆ: ಇದ್ದದ್ದನ್ನು ರಿಪೇರಿ ಮಾಡಿಸುವುದು, ಇಲ್ಲವೇ ಬೇರೆಯದನ್ನು ಹಾಕಿಸುವುದು. ಕ್ಲಚ್ಚೋ ರೇಡಿಯೇಟರೋ ಆಗಿದ್ದರೆ ಇದು ದುಡ್ಡಿನ ವಿಚಾರ ಮಾತ್ರ. ಮೀಟರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಾರು ಈವರೆಗೆ ಎಷ್ಟು ಓಡಿದೆ ಎಂಬ ಲೆಕ್ಕ ಇರುವುದು ಆ ಪೆಟ್ಟಿಗೆಯಲ್ಲೇ. ಪೆಟ್ಟಿಗೆ ಬದಲಾದ ದಿನ ಆ ಲೆಕ್ಕವೂ ಬದಲಾಗುತ್ತದೆ. ಕಾರಿನ ಮೀಟರಿಗೆ ಈಗ ನೂರಿಪ್ಪತ್ತು ವರ್ಷ ದಾಟಿದೆ. ಅದನ್ನು ಸರಿಮಾಡುವ ಕೆಲಸ ಕೈಚಳಕದ ವಿಷಯವಾಗಿದ್ದದ್ದು ನಂಬಿಕೆಯ ಮತ್ತು ಕಾನೂನಿನ ವಿಷಯವಾಗಿ ಬೆಳೆದದ್ದು ಈ ತೊಡಕಿನಿಂದ.

ಕಲ್ಲಿನಿಂದ ಅಯಸ್ಕಾಂತಕ್ಕೆ

ದೂರವನ್ನು ಎಣಿಸುವ ಯಂತ್ರ ವೇಗವನ್ನು ತೋರಿಸುವ ಯಂತ್ರಕ್ಕಿಂತ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ಇಂಥದ್ದೊಂದನ್ನು ವಿವರಿಸಿದ್ದಾನೆ. ನಾಲ್ಕು ಅಡಿ ವ್ಯಾಸದ ಗಾಡಿಚಕ್ರ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ ಎಂಬುದು ಅವನ ಲೆಕ್ಕ. 400 ಸುತ್ತಿಗೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಪ್ರತಿ ಮೈಲಿಗೂ ಹಲ್ಲಿನ ಚಕ್ರವೊಂದು ತಿರುಗಿ ಒಂದು ಕಲ್ಲನ್ನು ಕಂಚಿನ ಪಾತ್ರೆಗೆ ಬೀಳಿಸುತ್ತದೆ. ಪ್ರಯಾಣ ಮುಗಿದ ಮೇಲೆ ಕಲ್ಲುಗಳನ್ನು ಎಣಿಸಿದರೆ ದೂರ ಸಿಗುತ್ತದೆ. ಹಲ್ಲಿನ ಚಕ್ರಗಳ ಈ ತರ್ಕವೇ ಇಪ್ಪತ್ತನೆಯ ಶತಮಾನದ ಓಡೋಮೀಟರಿನಲ್ಲೂ ಉಳಿಯಿತು. ಕಲ್ಲಿನ ಜಾಗಕ್ಕೆ ಅಂಕಿ ಬರೆದ ಉರುಳೆಗಳು ಬಂದವು.

ವೇಗವನ್ನು ತೋರಿಸುವುದಕ್ಕೆ ಬೇರೆ ಉಪಾಯ ಬೇಕಾಯಿತು. 1902ರಲ್ಲಿ, ಆಗ ಜರ್ಮನ್ ಸಾಮ್ರಾಜ್ಯದ ಭಾಗವಾಗಿದ್ದ ಸ್ಟ್ರಾಸ್‌ಬರ್ಗಿನ ಒಟ್ಟೋ ಶುಲ್ಟ್ಸ್ ಇದಕ್ಕೆ ಪೇಟೆಂಟ್ ಕೋರಿದ. ಅವನ ಉಪಕರಣದಲ್ಲಿ ಚಕ್ರದ ತಿರುಗುವಿಕೆಯನ್ನು ಬಳುಕುವ ಕೇಬಲೊಂದು ಮೇಲಕ್ಕೆ ತಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಪಕ್ಕದಲ್ಲೇ, ಅದನ್ನು ಮುಟ್ಟದಂತೆ, ಅಲ್ಯೂಮಿನಿಯಂ ಬಟ್ಟಲೊಂದಿರುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೆ ಅಯಸ್ಕಾಂತ ತಿರುಗಿದಾಗ ಬಟ್ಟಲಿನೊಳಗೆ ಎಡ್ಡಿ ಕರೆಂಟ್ ಹುಟ್ಟಿ ಬಟ್ಟಲೂ ಅದರ ಹಿಂದೆ ತಿರುಗಲು ನೋಡುತ್ತದೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಅದನ್ನು ತಡೆದು ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ, ಬಟ್ಟಲಿಗೆ ಸಿಕ್ಕಿಸಿದ ಮುಳ್ಳು ಅಷ್ಟೇ ಮುಂದೆ ಸರಿಯುತ್ತದೆ. ಈ ಉಪಾಯ ಮುಂದಿನ ಎಂಬತ್ತು ವರ್ಷ ಜಗತ್ತಿನ ಬಹುಪಾಲು ಕಾರುಗಳಲ್ಲಿ ನಡೆಯಿತು.

ಕಾಲವೂ ಅದಕ್ಕೆ ಕೂಡಿಬಂತು. ಬ್ರಿಟನ್ನಿನ 1903ರ ಮೋಟಾರ್ ಕಾರ್ ಕಾಯಿದೆ ಗಂಟೆಗೆ 20 ಮೈಲಿಯ ಮಿತಿ ಹಾಕಿತು. ಪೊಲೀಸರ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಚಾಲಕನ ಬಳಿ ಅಂದಾಜು ಮಾತ್ರ ಇತ್ತು. ಮೀಟರ್ ಹಾಕಿಸಿಕೊಳ್ಳಲು ಅದೇ ಒಳ್ಳೆಯ ಕಾರಣವಾಯಿತು. ಬ್ರಿಟನ್ನಿನಲ್ಲಿ ಸ್ಮಿತ್ಸ್, ಇಟಲಿಯಲ್ಲಿ ವೆಲ್ಯಾ, ಜರ್ಮನಿಯಲ್ಲಿ ವಿಡಿಒ, ಅಮೆರಿಕದಲ್ಲಿ ಸ್ಟುವರ್ಟ್-ವಾರ್ನರ್ ಕಂಪನಿಗಳು ಮೀಟರಿನಿಂದಲೇ ಹೆಸರಾದವು. ಭಾರತದಲ್ಲಿ 1970ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಶುರುವಾದ ಪ್ರೀಮಿಯರ್ ಇನ್‌ಸ್ಟ್ರುಮೆಂಟ್ಸ್ ಅಂಡ್ ಕಂಟ್ರೋಲ್ಸ್ ಮುಂದೆ ಪ್ರಿಕಾಲ್ ಎಂದು ಪರಿಚಿತವಾಯಿತು.

ಕೇಬಲಿನ ಕಾಲ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಲ ಮಾರುತಿ 800, ಎಲ್ಲವೂ ಕೇಬಲ್ ಕಾಲದ ಕಾರುಗಳು. ಅವುಗಳ ಮೀಟರ್ ಕೆಟ್ಟರೆ ಕಾರಣ ಹುಡುಕುವುದು ಕಷ್ಟವಾಗಿರಲಿಲ್ಲ. ವೇಗದ ಮುಳ್ಳೂ ಕಿಲೋಮೀಟರಿನ ಅಂಕಿಯೂ ಒಟ್ಟಿಗೆ ನಿಂತಿದ್ದರೆ ಕೇಬಲ್ ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸಿನ ತುದಿಯ ಪುಟ್ಟ ಗೇರು ಸವೆದಿದೆ. ಮುಳ್ಳು ಕುಣಿಯುತ್ತಿದ್ದರೆ ಕೇಬಲ್ ಒಣಗಿದೆ, ಇಲ್ಲವೇ ಎಲ್ಲೋ ಚೂಪಾಗಿ ಬಾಗಿದೆ. ಮುಳ್ಳು ಓಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ದೋಷ ಮೀಟರಿನ ಒಳಗಿನ ಗೇರಿನಲ್ಲಿದೆ. ಬಲ್ಲ ಮೆಕ್ಯಾನಿಕ್ ಕೇಬಲಿಗೆ ಗ್ರೀಸ್ ಹಚ್ಚುವಾಗಲೂ ಮೀಟರಿನ ಕಡೆಯ ಗೇಣುದ್ದವನ್ನು ಒಣಗಿಯೇ ಬಿಡುತ್ತಿದ್ದ. ಗ್ರೀಸ್ ಕೇಬಲಿನ ಜೊತೆ ಮೇಲೇರಿ ಬಟ್ಟಲಿಗೆ ಮೆತ್ತಿಕೊಂಡರೆ ಮುಳ್ಳು ಸುಳ್ಳು ಹೇಳತೊಡಗುತ್ತದೆ.

ಪೆಟ್ರೋಲಿನ ಮುಳ್ಳಿಗೂ ಇಂಥದ್ದೇ ಸೂತ್ರವಿತ್ತು. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪೆಟ್ರೋಲ್ ಮತ್ತು ಬಿಸಿಯ ಗೇಜುಗಳೆರಡಕ್ಕೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇತ್ತು. ಬೆರಳುದ್ದದ ಆ ತಗಡಿನ ಡಬ್ಬಿ ಬ್ಯಾಟರಿಯ 12 ವೋಲ್ಟನ್ನು ಬಿಟ್ಟು ಬಿಟ್ಟು ಹರಿಸಿ ಸರಾಸರಿ 10 ವೋಲ್ಟಿಗೆ ಇಳಿಸುತ್ತಿತ್ತು. ಎರಡು ಮುಳ್ಳುಗಳೂ ಒಟ್ಟಿಗೆ ತಪ್ಪು ತೋರಿಸಿದರೆ ತಪ್ಪು ಗೇಜಿನದ್ದಲ್ಲ, ಡಬ್ಬಿಯದ್ದು ಅಥವಾ ಅದರ ಅರ್ತ್ ತಂತಿಯದ್ದು ಎಂದು ಊಹಿಸಬಹುದಿತ್ತು. ಒಂದೊಂದು ಕೆಲಸಕ್ಕೂ ಒಂದೊಂದು ಭಾಗವಿದ್ದುದರಿಂದ ಕೆಟ್ಟದ್ದನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೇ ಬಿಡಲು ಸಾಧ್ಯವಿತ್ತು.

ಈ ಸರಳತೆಗೆ ಇನ್ನೊಂದು ಮುಖವೂ ಇತ್ತು. ಮೆಕ್ಯಾನಿಕ್ ಬಿಚ್ಚಬಲ್ಲದ್ದನ್ನು ದಲ್ಲಾಳಿಯೂ ಬಿಚ್ಚಬಲ್ಲ. ಕೇಬಲನ್ನು ಕಳಚಿಟ್ಟು ಸಾವಿರಾರು ಕಿಲೋಮೀಟರ್ ಓಡಿಸಬಹುದಿತ್ತು. ಅಂಕಿಯ ಉರುಳೆಗಳನ್ನು ಸೂಜಿಯಿಂದ ಒಂದೊಂದಾಗಿ ಸರಿಸಬಹುದಿತ್ತು. ಕೆಲವು ಮೀಟರುಗಳನ್ನು ಡ್ರಿಲ್ಲಿಗೆ ಸಿಕ್ಕಿಸಿ ಹಿಂದಕ್ಕೆ ಓಡಿಸಬಹುದಿತ್ತು. ಐದು ಅಂಕಿಗಳ ಓಡೋಮೀಟರಿನಲ್ಲಂತೂ ಯಾರೂ ಮೋಸ ಮಾಡಬೇಕಾಗಿರಲಿಲ್ಲ. 99,999 ದಾಟಿದ ಕಾರು ತಾನಾಗಿಯೇ ಸೊನ್ನೆಗೆ ಬಂದು ಹೊಸದಾಗುತ್ತಿತ್ತು.

ನಿಜವಾಗಿ ಕೆಟ್ಟ ಓಡೋಮೀಟರುಗಳೂ ಬೇಕಾದಷ್ಟಿದ್ದವು. ವೋಲ್ವೋ 240, ಬಿಎಂಡಬ್ಲ್ಯು ಇ30ರಂಥ ಗಟ್ಟಿ ಕಾರುಗಳಲ್ಲಿಯೂ ಓಡೋಮೀಟರಿನ ಪ್ಲಾಸ್ಟಿಕ್ ಗೇರು ವಯಸ್ಸಾಗಿ ಪುಡಿಯಾಗುವುದು ಹೆಸರಾದ ದೋಷ. ಎಂಜಿನ್ನಿಗೆ ಇನ್ನೂ ಲಕ್ಷಗಟ್ಟಲೆ ಕಿಲೋಮೀಟರ್ ಆಯುಷ್ಯವಿದ್ದಾಗ ಅದನ್ನು ಎಣಿಸುವ ಗೇರು ಮೊದಲೇ ಸತ್ತುಹೋಗುತ್ತಿತ್ತು. ಅಂಥ ಕಾರಿನ ಮೀಟರಿನಲ್ಲಿ ಕಾಣುವ ಅಂಕಿ ಅದು ಓಡಿದ ದೂರವನ್ನಲ್ಲ, ಗೇರು ಮುರಿದ ದಿನವನ್ನು ಹೇಳುತ್ತಿತ್ತು. ಅದರಲ್ಲಿ ಯಾರ ಮೋಸವೂ ಇರಲಿಲ್ಲ, ಆದರೆ ಕೊಳ್ಳುವವನಿಗೆ ಆಗುವ ನಷ್ಟ ಒಂದೇ.

ಬಾಗಿಲಿಗೆ ಅಂಟಿಸಿದ ಚೀಟಿ

ಮೋಸವನ್ನೂ ರಿಪೇರಿಯನ್ನೂ ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕ 1972ರಲ್ಲಿ ಕಾಯಿದೆಯ ಉತ್ತರ ಕೊಟ್ಟಿತು. ಮೋಟಾರು ವಾಹನ ಮಾಹಿತಿ ಮತ್ತು ವೆಚ್ಚ ಉಳಿತಾಯ ಕಾಯಿದೆ ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವುದನ್ನು ನಿಷೇಧಿಸಿತು. ಮಾರುವವನು ಅಂಕಿಯನ್ನು ಬರೆದುಕೊಡಬೇಕು ಎಂದಿತು. ಆದರೆ ಮೀಟರನ್ನು ಮುಟ್ಟಲೇಬಾರದು ಎಂದು ಅದು ಹೇಳಲಿಲ್ಲ. ರಿಪೇರಿ ಮಾಡಬಹುದು, ಬದಲಿಸಲೂಬಹುದು. ಹಳೆಯ ಅಂಕಿಯೇ ಉಳಿಯುವಂತಿದ್ದರೆ ಸರಿ. ಉಳಿಸಲಾಗದಿದ್ದರೆ ಹೊಸ ಮೀಟರನ್ನು ಸೊನ್ನೆಗೆ ಇಡಬೇಕು, ರಿಪೇರಿಗೆ ಮುಂಚಿನ ಅಂಕಿ ಮತ್ತು ರಿಪೇರಿಯ ತಾರೀಕನ್ನು ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಅಮೆರಿಕದಲ್ಲಿ ಅದು ಚಾಲಕನ ಕಡೆಯ ಬಾಗಿಲು. ಮೋಸದ ಉದ್ದೇಶದಿಂದ ಆ ಚೀಟಿಯನ್ನು ಕೀಳುವುದೂ ತಿದ್ದುವುದೂ ಅಪರಾಧ.

ಮೀಟರು ಶಾಶ್ವತವಲ್ಲ, ಅದು ಕೆಡುತ್ತದೆ ಎಂಬುದನ್ನು ಕಾಯಿದೆ ಒಪ್ಪಿಕೊಂಡಿತು. ಲೆಕ್ಕ ಯಂತ್ರದಿಂದ ಹೊರಗೆ ಒಂದು ಕಾಗದದಲ್ಲಿ ಮುಂದುವರಿಯಬೇಕು ಎಂದಷ್ಟೇ ಕೇಳಿತು. ಯುರೋಪಿನಲ್ಲಿ ಇದು ಇನ್ನೂ ಮುಂದೆ ಹೋಯಿತು. ಜರ್ಮನಿ 2005ರಲ್ಲಿ ಓಡೋಮೀಟರ್ ತಿದ್ದುವುದನ್ನು ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವನ್ನಾಗಿ ಮಾಡಿತು. ಬೆಲ್ಜಿಯಂ 2006ರಿಂದ ‘ಕಾರ್-ಪಾಸ್’ ವ್ಯವಸ್ಥೆ ತಂದಿತು. ಕಾರು ಗ್ಯಾರೇಜಿಗೆ ಹೋದಾಗ ಅದರ ಅಂಕಿ ಒಂದು ಕೇಂದ್ರ ದಾಖಲೆಗೆ ಸೇರುತ್ತದೆ, ಹಳೆಯ ಕಾರು ಮಾರುವವನು ಆ ದಾಖಲೆಯ ಪ್ರತಿಯನ್ನು ಕೊಡಲೇಬೇಕು. ಅಲ್ಲಿ ಮೀಟರಿನ ಮೇಲೆ ಭಾರ ಕಡಿಮೆ. ಅದು ಕೆಟ್ಟರೂ ಲೆಕ್ಕ ಕೆಡುವುದಿಲ್ಲ.

ಎಂಟು ಕಾಲಿನ ಚಿಪ್ಪು

ಇಷ್ಟರಲ್ಲಿ ಮೀಟರೇ ಬೇರೆ ಆಗಿತ್ತು. 1976ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಆಸ್ಟನ್ ಮಾರ್ಟಿನ್ ಲಗೊಂಡ ಕಾರು ಮುಳ್ಳುಗಳನ್ನು ಬಿಟ್ಟು ಹೊಳೆಯುವ ಅಂಕಿಗಳ ಡ್ಯಾಶ್‌ಬೋರ್ಡ್ ತೋರಿಸಿತು. ಆ ಎಲೆಕ್ಟ್ರಾನಿಕ್ಸ್ ಪದೇ ಪದೇ ಕೈಕೊಟ್ಟು ಕಾರಿಗೆ ಕೆಟ್ಟ ಹೆಸರೂ ಬಂತು. 1984ರ ಷೆವ್ರೊಲೆ ಕಾರ್ವೆಟ್‌ನಲ್ಲಿ ಎಲ್‌ಸಿಡಿ ಬಂತು. ಮುಂದೆ ಮುಳ್ಳುಗಳು ಮರಳಿ ಬಂದರೂ ಅವುಗಳ ಹಿಂದೆ ಕೇಬಲ್ ಇರಲಿಲ್ಲ. ಗೇರ್‌ಬಾಕ್ಸಿನ ಸೆನ್ಸರ್ ಮಿಡಿತಗಳನ್ನು ಕಳಿಸುತ್ತದೆ, ಕ್ಲಸ್ಟರಿನ ಪ್ರೊಸೆಸರ್ ಅವನ್ನು ಎಣಿಸುತ್ತದೆ, ಪುಟ್ಟ ಸ್ಟೆಪರ್ ಮೋಟಾರು ಮುಳ್ಳನ್ನು ಸರಿಸುತ್ತದೆ. ಕಿಲೋಮೀಟರಿನ ಲೆಕ್ಕ ಕರೆಂಟು ಹೋದರೂ ಅಳಿಯದ ಇಇಪ್ರಾಮ್ ಎಂಬ ಮೆಮೊರಿಯಲ್ಲಿ ಕೂರುತ್ತದೆ. 1990ರ ದಶಕದ ಅನೇಕ ಕ್ಲಸ್ಟರುಗಳಲ್ಲಿ ಅದು ಹುರುಳಿಕಾಳಿನಷ್ಟು ದೊಡ್ಡ, ಎಂಟು ಕಾಲಿನ ಚಿಪ್ಪು.

ಇನ್ನೊಂದು ಬದಲಾವಣೆ ಹೊರಗೆ ಕಾಣುವಂಥದ್ದಾಗಿರಲಿಲ್ಲ. ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಬಸ್ ಕಾರಿನ ಕಂಪ್ಯೂಟರುಗಳನ್ನು ಒಂದೇ ಜೋಡಿ ತಂತಿಯ ಮೇಲೆ ಮಾತಾಡಿಸಿತು. 1998ರಿಂದ ಯುರೋಪಿನ ಹೊಸ ಕಾರುಗಳಿಗೆ ಕಳ್ಳತನ ತಡೆಯುವ ಇಮೊಬಿಲೈಸರ್ ಕಡ್ಡಾಯವಾಯಿತು. ಫೋಕ್ಸ್‌ವಾಗನ್ ಗುಂಪಿನ ಅನೇಕ ಮಾದರಿಗಳಲ್ಲಿ ಅದನ್ನು ಕ್ಲಸ್ಟರಿನ ಒಳಗೇ ಇಟ್ಟರು. ಹೀಗೆ ವೇಗ ಹೇಳುವ ಪೆಟ್ಟಿಗೆಯೇ ಕಾರಿನ ನೆನಪೂ ಆಯಿತು, ಕೀಲಿಕೈ ಗುರುತಿಸುವ ಕಾವಲುಗಾರನೂ ಆಯಿತು. ಗುಜರಿಯಿಂದ ಅದೇ ಮಾದರಿಯ ಕ್ಲಸ್ಟರ್ ತಂದು ಹಾಕಿದರೆ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ, ಎಂಜಿನ್ ಮಾತ್ರ ಶುರುವಾಗುವುದಿಲ್ಲ, ಅಥವಾ ಒಂದೆರಡು ಸೆಕೆಂಡು ಓಡಿ ನಿಲ್ಲುತ್ತದೆ. ಕೀಲಿಯನ್ನು ಅದು ಗುರುತಿಸುವುದಿಲ್ಲ. ಓಡೋಮೀಟರಿನಲ್ಲಿ ಇನ್ಯಾವುದೋ ಕಾರಿನ ಪ್ರಯಾಣ ಕಾಣುತ್ತದೆ.

ವಿಚಿತ್ರವೆಂದರೆ ಕೆಡುವ ಭಾಗಗಳು ಈಗಲೂ ಚಿಕ್ಕವೇ. ಬಿಸಿಲಲ್ಲಿ ಕಾದು ರಾತ್ರಿ ತಣಿದು ಸೋಲ್ಡರ್ ಬಿರುಕು ಬಿಡುತ್ತದೆ. ಎಲ್‌ಸಿಡಿಯನ್ನು ಬೋರ್ಡಿಗೆ ಜೋಡಿಸುವ ಪಟ್ಟಿ ಕಿತ್ತುಬಂದು ಅಂಕಿಗಳು ಅರ್ಧಂಬರ್ಧ ಕಾಣುತ್ತವೆ. ಸ್ಟೆಪರ್ ಮೋಟಾರು ಸಿಕ್ಕಿಹಾಕಿಕೊಂಡು, ನಿಂತ ಕಾರಿನ ಮುಳ್ಳು ನೂರರಲ್ಲಿ ನಿಲ್ಲುತ್ತದೆ. 2003ರ ನಂತರದ ಜನರಲ್ ಮೋಟಾರ್ಸ್ ಟ್ರಕ್ಕುಗಳಲ್ಲಿ ಈ ಮೋಟಾರಿನ ದೋಷ ಅಮೆರಿಕದಲ್ಲಿ ಮೊಕದ್ದಮೆಯವರೆಗೆ ಹೋಗಿ ಕೆಲವು ಮಾದರಿಗಳಿಗೆ ವಾರಂಟಿ ವಿಸ್ತರಣೆ ಸಿಕ್ಕಿತು. ಸೋಲ್ಡರಿಂಗ್ ಬಲ್ಲವರು ಆ ಮೋಟಾರನ್ನಷ್ಟೇ ಬದಲಿಸಿ ಹಳೆಯ ಕ್ಲಸ್ಟರನ್ನೇ ಉಳಿಸಿಕೊಂಡರು. ಅಂಕಿಯೂ ಕೀಲಿಯೂ ಹಾಗೇ ಉಳಿದವು. ಹಳೆಯ ಕಾರಿನಲ್ಲಿ ಮೊದಲು ರಿಪೇರಿಯನ್ನು ನೋಡಬೇಕೆನ್ನುವುದಕ್ಕೆ ಇರುವ ದೊಡ್ಡ ಕಾರಣ ಇದೇ: ಮೂಲ ಬೋರ್ಡು ಉಳಿದರೆ ಲೆಕ್ಕವೂ ಉಳಿಯುತ್ತದೆ. ಬೋರ್ಡು ಪೂರ್ತಿ ಸುಟ್ಟಿದ್ದರೂ ಹಳೆಯ ಮೆಮೊರಿ ಚಿಪ್ಪನ್ನು ಬಿಡಿಸಿ ಬದಲಿ ಬೋರ್ಡಿಗೆ ಕೂರಿಸುವ ಕೆಲಸಗಾರರಿದ್ದಾರೆ. ಅದೇ ಕೈ, ಅದೇ ಉಪಕರಣ ಒಂದೂವರೆ ಲಕ್ಷವನ್ನು ಅರವತ್ತು ಸಾವಿರವೆಂದೂ ಬರೆಯಬಲ್ಲದು. ಸೂಜಿಯ ಕಾಲದ ತೊಡಕು ಲ್ಯಾಪ್‌ಟಾಪಿನ ಕಾಲಕ್ಕೂ ಬಂದಿದೆ. ವ್ಯತ್ಯಾಸವೆಂದರೆ ಸೂಜಿ ಉರುಳೆಯ ಮೇಲೆ ಗೀರು ಬಿಡುತ್ತಿತ್ತು, ಸಾಲು ತಪ್ಪಿಸುತ್ತಿತ್ತು. ಲ್ಯಾಪ್‌ಟಾಪ್ ಕಣ್ಣಿಗೆ ಕಾಣುವ ಗುರುತು ಬಿಡುವುದಿಲ್ಲ.

ಮುದ್ರೆ ಇರುವ ಮೀಟರು, ಇಲ್ಲದ ಮೀಟರು

ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳಲ್ಲಿ ಎರಡು ಮೀಟರುಗಳಿದ್ದವು. ಬಾಡಿಗೆಯ ಮೀಟರು ಹೊರಗೆ, ಎಡಬದಿಯಲ್ಲಿ. ಅದನ್ನು ತೂಕ ಮತ್ತು ಅಳತೆ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕುತ್ತಿತ್ತು, ಮುದ್ರೆ ಒಡೆದರೆ ಅಪರಾಧ. ಓಡೋಮೀಟರು ಒಳಗೆ, ಚಾಲಕನ ಮುಂದೆ. ಅದಕ್ಕೆ ಮುದ್ರೆ ಇರಲಿಲ್ಲ. ಹತ್ತು ರೂಪಾಯಿಯ ಬಾಡಿಗೆಗೆ ಇದ್ದ ಕಾವಲು ಇಡೀ ಕಾರಿನ ಬೆಲೆಯನ್ನು ನಿರ್ಧರಿಸುವ ಅಂಕಿಗೆ ಇರಲಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನದಲ್ಲಿ ವೇಗ ತೋರಿಸುವ ಮೀಟರು ಇರಬೇಕೆನ್ನುತ್ತವೆ. ಓಡಿದ ದೂರವನ್ನು ತಿದ್ದಿ ಮಾರಿದವನ ಮೇಲೆ ಹೋಗಬೇಕಾದರೆ ವಂಚನೆಯ ಸಾಮಾನ್ಯ ಕಲಮೋ ಗ್ರಾಹಕ ನ್ಯಾಯಾಲಯವೋ ದಾರಿ.

ರಿಪೇರಿಯ ದಾರಿಗೂ ಅಡ್ಡಿಗಳಿವೆ. ಕ್ಲಸ್ಟರನ್ನು ಕಾರಿಗೆ ಹೊಂದಿಸಲು ಕಂಪನಿಯ ಸಾಫ್ಟ್‌ವೇರು, ಪಾಸ್‌ವರ್ಡುಗಳು ಬೇಕು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಕೊನೆಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು.

ಅಲ್ಲಿಯವರೆಗೂ ಆಮೇಲೂ ಹಳೆಯ ಕಾರುಗಳನ್ನು ಓಡಿಸುತ್ತಿರುವುದು ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಮುಂಬಯಿಯ ಕುರ್ಲಾ, ಬೆಂಗಳೂರಿನ ಶಿವಾಜಿನಗರಗಳಂಥ ಪೇಟೆಗಳು. ತಯಾರಿಕೆ ನಿಂತ ಮಾದರಿಗೆ ಹೊಸ ಕ್ಲಸ್ಟರ್ ಕಂಪನಿಯಲ್ಲೇ ಸಿಗದಿದ್ದಾಗ ಬೇರೆ ದಾರಿಯಿಲ್ಲ. ಅಂಥ ಬದಲಾವಣೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದು ಎಲ್ಲೂ ದಾಖಲಾಗದಿದ್ದರೆ ಮಾತ್ರ ಮುಂದಿನ ಕೊಳ್ಳುವವನಿಗೆ ಪ್ರಾಮಾಣಿಕ ಮಾಲೀಕನೂ ಮೋಸಗಾರನೂ ಒಂದೇ ಥರ ಕಾಣುತ್ತಾರೆ.

ಐವತ್ತು ವರ್ಷ ಹಿಂದಿನ ಆ ಅಮೆರಿಕದ ಚೀಟಿಗೆ ಕಾಯಿದೆ ಬರುವ ತನಕ ಕಾಯಬೇಕಾಗಿಲ್ಲ. ಮೀಟರ್ ಬಿಚ್ಚುವ ಮೊದಲು ಅದರಲ್ಲಿರುವ ಅಂಕಿಯ ಫೋಟೊ ತೆಗೆದಿಡಬಹುದು, ಅಂಕಿ ಕಾಣದಿದ್ದರೆ ಹಿಂದಿನ ಸರ್ವಿಸ್ ಬಿಲ್ಲು ನೋಡಬಹುದು. ಕೆಲಸದ ಬಿಲ್ಲಿನಲ್ಲಿ ಹಳೆಯ ಅಂಕಿ, ಹೊಸ ಮೀಟರಿನ ಅಂಕಿ, ತಾರೀಕು, ಏನು ಬದಲಾಯಿತು ಎಂಬುದನ್ನು ಬರೆಸಿಕೊಳ್ಳಬಹುದು. ಬಿಚ್ಚಿದ ಹಳೆಯ ಬೋರ್ಡನ್ನು ಗ್ಯಾರೇಜಿನಲ್ಲಿ ಬಿಡದೆ ತಂದಿಟ್ಟುಕೊಳ್ಳಬಹುದು. ಕಾರು ಮಾರುವ ದಿನ ಆರ್‌ಸಿಯ ಜೊತೆ ಆ ಬಿಲ್ಲನ್ನೂ ಕೊಟ್ಟರೆ ಲೆಕ್ಕ ಮುಂದಿನವರ ಕೈಗೆ ಸರಿಯಾಗಿ ಸೇರುತ್ತದೆ.