ಗಂಟಲ ಮದ್ದಿನಿಂದ ಬಣ್ಣದ ತುಂತುರಿನವರೆಗೆ

ಗ್ಯಾರೇಜುಗಳಲ್ಲಿ, ಪೀಠೋಪಕರಣದ ಕಾರ್ಖಾನೆಗಳಲ್ಲಿ ಕಂಪ್ರೆಸರಿಗೆ ಜೋಡಿಸಿದ ಸ್ಪ್ರೇ ಗನ್ ಇಂದು ಎಲ್ಲರಿಗೂ ಪರಿಚಿತ. ಇದರ ಮೂಲ ವೈದ್ಯರ ಕೋಣೆಯಲ್ಲಿದೆ ಎಂಬುದು ಹೆಚ್ಚು ಜನರಿಗೆ ತಿಳಿಯದು. ಅಮೆರಿಕದ ಟೊಲೆಡೊ ನಗರದ ವೈದ್ಯ ಅಲೆನ್ ಡಿವಿಲ್‌ಬಿಸ್ 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಮದ್ದು ಸಿಂಪಡಿಸುವ ಸಾಧನವೊಂದನ್ನು ರೂಪಿಸಿದರು. ರಭಸದಿಂದ ಹಾಯುವ ಗಾಳಿಯ ಬಳಿ ಒತ್ತಡ ತಗ್ಗುತ್ತದೆ. ಆಗ ಸೀಸೆಯ ದ್ರವ ಕೊಳವೆಯಲ್ಲಿ ಮೇಲೇರಿ, ಗಾಳಿಗೆ ಸಿಕ್ಕು ಹನಿಹನಿಯಾಗಿ ಒಡೆಯುತ್ತದೆ. 1907ರಲ್ಲಿ ಅವರ ಮಗ ಥಾಮಸ್ ಇದನ್ನೇ ಬಣ್ಣಕ್ಕೆ ಅಳವಡಿಸಿದರು.

ಅದಕ್ಕೂ ಮುನ್ನ, 1893ರ ಷಿಕಾಗೊ ವಿಶ್ವಮೇಳದ ಕಟ್ಟಡಗಳಿಗೆ ಯಂತ್ರದಿಂದ ಬಿಳಿ ಬಣ್ಣ ಎರಚಿದ್ದುಂಟು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಆ ಮೇಳದ ಸಂದರ್ಭದಲ್ಲಿಯೇ. 1920ರ ದಶಕದಲ್ಲಿ ಡುಪಾಂಟ್ ಕಂಪನಿಯ ‘ಡೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂತು. ಬಹುಬೇಗ ಒಣಗುವ ಈ ಬಣ್ಣಕ್ಕೆ ಕುಂಚ ಒಗ್ಗಲಿಲ್ಲ, ಸ್ಪ್ರೇ ಗನ್ ಒಗ್ಗಿತು. ಕಾರಿಗೆ ಬಣ್ಣ ಹಚ್ಚಲು ಹಿಡಿಯುತ್ತಿದ್ದ ವಾರಗಳು ಗಂಟೆಗಳಿಗೆ ಇಳಿದವು. ‘ಡೂಕೋ ಪೇಂಟ್’ ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲಿ ಉಳಿದುಕೊಂಡಿದೆ.

ಆದರೆ ವೇಗದ ಜೊತೆಗೆ ಅಪಾಯವೂ ಬಂತು. 2 ಮಿಲಿಮೀಟರ್ ವ್ಯಾಸದ ಒಂದು ಹನಿಯನ್ನು 10 ಮೈಕ್ರೋಮೀಟರ್ ಹನಿಗಳಾಗಿ ಒಡೆದರೆ 80 ಲಕ್ಷ ಹನಿಗಳಾಗುತ್ತವೆ. ಒಟ್ಟು ಮೇಲ್ಮೈ 200 ಪಟ್ಟಾಗುತ್ತದೆ. ದ್ರಾವಕ ಅಷ್ಟೇ ಬೇಗ ಆವಿಯಾಗುತ್ತದೆ, ಒಂದು ಕಿಡಿ ಸಾಕು ಬೆಂಕಿಗೆ. 5 ಮೈಕ್ರೋಮೀಟರಿನ ಹನಿ ನಿಶ್ಚಲ ಗಾಳಿಯಲ್ಲಿ ಒಂದೂವರೆ ಮೀಟರ್ ಇಳಿಯಲು ಸುಮಾರು ಅರ್ಧ ಗಂಟೆ ಬೇಕು. ಗನ್ ನಿಲ್ಲಿಸಿದ ಮೇಲೂ ಅದು ತೇಲುತ್ತಲೇ ಇರುತ್ತದೆ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು.

ಇದರ ಬೆಲೆ ಏನೆಂಬುದು 1992ರಲ್ಲಿ ಸ್ಪೇನಿನ ಅಲ್ಕಾಯ್ ಪ್ರದೇಶದಲ್ಲಿ ತಿಳಿಯಿತು. ಅಲ್ಲಿ ಬಟ್ಟೆಗಳ ಮೇಲೆ ಬಣ್ಣ ಸಿಂಪಡಿಸುತ್ತಿದ್ದ ಕಾರ್ಮಿಕರು, ಬಹುಪಾಲು ಎಳೆಯ ವಯಸ್ಸಿನ ಹೆಣ್ಣುಮಕ್ಕಳು, ತೀವ್ರ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಆರು ಮಂದಿ ಸತ್ತರು. ಆರ್ಡಿಸ್ಟಿಲ್ ಎಂಬ ಕಾರ್ಖಾನೆಯ ಹೆಸರೇ ಆ ಕಾಯಿಲೆಗೆ ಅಂಟಿಕೊಂಡಿತು. ಅಲ್ಲಿ ಬಳಸಿದ ಅಕ್ರಮಿನ್ ಬಣ್ಣಗಳು ಹೊಟ್ಟೆಗೆ ಹೋದರೆ ಹೆಚ್ಚು ವಿಷಕಾರಿಯಲ್ಲ ಎಂದೇ ಪರಿಗಣಿತವಾಗಿದ್ದವು. ಬೆಲ್ಜಿಯಮಿನ ಲುವೆನ್ ಸಂಶೋಧಕರು ಹ್ಯಾಮ್‌ಸ್ಟರ್‌ಗಳ ಶ್ವಾಸನಾಳಕ್ಕೆ ಅವುಗಳ ಘಟಕಗಳನ್ನು ಕೊಟ್ಟು, ಶ್ವಾಸಕೋಶಕ್ಕೆ ಹಾನಿಯಾಗುವುದನ್ನು 1997ರಲ್ಲಿ ವರದಿ ಮಾಡಿದರು. ಒಂದು ವಸ್ತು ಎಷ್ಟು ವಿಷ ಎಂಬುದು ಅದು ಯಾವ ದಾರಿಯಲ್ಲಿ ದೇಹ ಸೇರುತ್ತದೆ ಎಂಬುದನ್ನೂ ಅವಲಂಬಿಸಿದೆ.

ಗಟ್ಟಿಕಾರಕ ಬೆರೆಸಿ ಬಳಸುವ ಅನೇಕ ವಾಹನ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಇದರಿಂದ ಆಸ್ತಮಾ ಬರುತ್ತದೆಂದು 1951ರಲ್ಲೇ ವರದಿಯಾಗಿತ್ತು. ವಾಸನೆ ಬರುವ ಹೊತ್ತಿಗೆ ಪ್ರಮಾಣ ಅಪಾಯದ ಮಟ್ಟ ದಾಟಿರುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ, ದೂಳಿನ ಮಾಸ್ಕ್ ಆಗಲಿ ಆವಿಯನ್ನು ತಡೆಯಲಾರದು. ಈ ಬಣ್ಣಗಳಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖಗವಸೇ ಬೇಕು.

ಗಾಳಿಯಿಲ್ಲದೆ, ಬಣ್ಣವನ್ನೇ ಸುಮಾರು 200 ವಾತಾವರಣದ ಒತ್ತಡದಲ್ಲಿ ಚಿಮ್ಮಿಸುವ ‘ಏರ್‌ಲೆಸ್’ ಯಂತ್ರಗಳ ಅಪಾಯವೇ ಬೇರೆ. ಅದರ ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹೀಗೆ ಅಧಿಕ ಒತ್ತಡದ ದ್ರವ ದೇಹ ಹೊಕ್ಕ ಗಾಯವನ್ನು, ಡೀಸೆಲ್ ಎಂಜಿನಿನ ಇಂಧನದ ಪ್ರಕರಣವೊಂದರಲ್ಲಿ, ರೀಸ್ ಎಂಬ ವೈದ್ಯರು 1937ರಲ್ಲಿ ವರದಿ ಮಾಡಿದ್ದರು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಡಿಮೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಮೂತಿ ಕಟ್ಟಿಕೊಂಡಾಗ ಬೆರಳಿನಿಂದ ಒರೆಸಬಾರದು. ಮೊದಲು ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಕುದುರೆಗೆ ಬೀಗ ಹಾಕಬೇಕು.

ಉಳಿದ ನಿಯಮಗಳು ಸರಳ: ಗಾಳಿಯನ್ನು ಹೊರಕ್ಕೆಳೆಯುವ ವ್ಯವಸ್ಥೆ ಇರಲಿ, ಬೀಡಿ, ಒಲೆ, ಕಿಡಿ ಹಾರಿಸುವ ಸ್ವಿಚ್ಚು ದೂರವಿರಲಿ, ಲೋಹದ ಡಬ್ಬಿಗೂ ವಸ್ತುವಿಗೂ ಭೂಸಂಪರ್ಕವಿರಲಿ. ಬಣ್ಣ ಕೊಳ್ಳುವಾಗ ಅದನ್ನು ಸಿಂಪಡಿಸಬಹುದೇ, ಯಾವ ಮುಖಗವಸು ಬೇಕು ಎಂದು ಕೇಳಿ ತಿಳಿದುಕೊಳ್ಳಿ. ಅಲ್ಕಾಯ್‌ನ ಆ ಹೆಣ್ಣುಮಕ್ಕಳ ಪರವಾಗಿ ಈ ಪ್ರಶ್ನೆಯನ್ನು ಯಾರೂ ಸಕಾಲದಲ್ಲಿ ಕೇಳಿರಲಿಲ್ಲ.