ನಲಿ-ಕಲಿ

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಅವರವರ ವೇಗದಲ್ಲಿ ಕಲಿಯಲೆಂದು ರೂಪಿಸಿದ ಕಲಿಕಾ ಕ್ರಮ. ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ.

ಈ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದು ಕಾಡಂಚಿನ ಊರು, ಬುಡಕಟ್ಟಿನವರ ಹಾಡಿಗಳತ್ತ ಹೋದರೆ ಒಬ್ಬರೋ ಇಬ್ಬರೋ ಮೇಷ್ಟ್ರಿರುವ ಶಾಲೆಗಳು ಸಿಗುತ್ತವೆ. ಒಂದು ತರಗತಿಗೆ ಪಾಠ ಹೇಳುವಾಗ ಉಳಿದವರು ಸುಮ್ಮನೆ ಕೂರಬೇಕಿತ್ತು. ಈ ಕಷ್ಟಕ್ಕೆ ದಾರಿ ಹುಡುಕುತ್ತ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಶಾಲೆಗಳಿಗಾಗಿ ಕಾರ್ಡುಗಳ ಕಲಿಕೆಯನ್ನು ಬೆಳೆಸಿದ್ದರು. ಅದನ್ನು ನೋಡಿ ಬಂದ ಶಿಕ್ಷಕರು ಕನ್ನಡಕ್ಕೆ ಹೊಂದುವ ಕಾರ್ಡುಗಳನ್ನು ತಾವೇ ಬರೆದರು. ಪಠ್ಯಕ್ರಮವೊಂದು ಪಾಠ ಮಾಡುವವರ ಕೈಯಲ್ಲೇ ರೂಪುಗೊಂಡಿತು ಎಂಬುದು ಇದರ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು.

ಅಕ್ಷರದ ಅನುಕ್ರಮವೇ ಇಲ್ಲಿ ಬದಲಾಯಿತು. ಅ, ಆ, ಇ, ಈ ಎಂದು ಶುರುವಾಗುತ್ತಿದ್ದ ಓದು ರ, ಗ, ಸ, ದ, ಅ ಎಂದು ಶುರುವಾಯಿತು. ರ ತಿದ್ದಿದ ಕೈಗೆ ದ, ಅ ಬೇಗ ಒಲಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ವರ್ಣಮಾಲೆ ಮುಗಿಯುವ ತನಕ ಕಾಯದೆ ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಓದಿಬಿಡುತ್ತದೆ. ಆಮೇಲೆ ಜ, ವ, ಮ, ಬ, ನ. ಬರಿಯ ಅಕ್ಷರ ಹೇಳುತ್ತಿದ್ದ ಮಗು ಪದ ಓದಿದಾಗ ಅದರ ಮುಖ ಅರಳುವುದನ್ನು ಕಂಡವರಿಗೆ ನಲಿ-ಕಲಿ ಎಂಬ ಹೆಸರು ಯಾಕೆಂದು ಹೇಳಬೇಕಿಲ್ಲ.

ಕಾರ್ಡುಗಳ ಮೇಲೆ ಚಿತ್ರದ ಗುರುತುಗಳಿರುತ್ತವೆ. ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ಮಗುವೇ ನೋಡಿಕೊಳ್ಳುತ್ತದೆ. ಮಕ್ಕಳು ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ, ಒಂದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದರಲ್ಲಿ ಸಹಪಾಠಿಯ ಸಹಾಯ, ಮತ್ತೊಂದರಲ್ಲಿ ಸ್ವಂತ ಕಲಿಕೆ. ಕೂಲಿಗೆ ಕೊಡಗಿನ ಕಾಫಿ ತೋಟಕ್ಕೆ ಹೋದ ಅಪ್ಪ-ಅಮ್ಮನ ಜೊತೆ ವಾರಗಟ್ಟಲೆ ಊರು ಬಿಟ್ಟ ಮಗು ಮರಳಿದಾಗ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಈ ತಾಲ್ಲೂಕಿನ ಬದುಕಿಗೆ ಇಷ್ಟು ಒಪ್ಪುವ ವ್ಯವಸ್ಥೆ ಬೇರೆಯಿಲ್ಲ.

2009-10ರಲ್ಲಿ ಈ ಕ್ರಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡುಗಳು ಎಲ್ಲೆಡೆ ಒಂದೇ ಆದವು. ಶಿಕ್ಷಕರು ತಮ್ಮೂರಿಗೆ ತಕ್ಕಂತೆ ಬರೆಯುವ ಅವಕಾಶ ಕುಗ್ಗಿತು. ಹೀಗಾಗಿ ಮನೆಯಲ್ಲಿ ಜೇನುನುಡಿ ಆಡುವ, ಇಲ್ಲಿನ ಹಾಡಿಗಳ ಜೇನುಕುರುಬರ ಮಗು ಇಂದಿಗೂ ಏಣಿಯ ಮೊದಲ ಮೆಟ್ಟಿಲನ್ನು ಹತ್ತುವುದು ಶಾಲೆಯ ಕನ್ನಡದಲ್ಲೇ.