ಜಗಲಿಯಿಂದ ಗ್ಯಾರೇಜಿಗೆ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಯಾರಾದರೂ ಕಾರಿಗೆಂದು ಬಿಟ್ಟ ಜಾಗದಲ್ಲಿ ಬೆಂಚು ಹಾಕಿ ಮರಗೆಲಸಕ್ಕೆ ತೊಡಗಿದರೆ ಅದು ಹೊಸ ಹವ್ಯಾಸವೆನಿಸಬಹುದು. ನಿಜಕ್ಕೂ ಈಚಿನದು ಮನೆ ಮತ್ತು ಕಾರ್ಯಾಗಾರ ಬೇರೆಯಾದ ಸಂಗತಿಯೇ. ಹಳ್ಳಿಯ ಬಡಗಿಗೆ ಜಗಲಿ ಅಥವಾ ಮರದ ನೆರಳೇ ಕಾರ್ಯಾಗಾರ. ಬಾಚಿ, ಉಳಿ, ಗರಗಸಗಳೇ ಬಂಡವಾಳ. ನೆಲದ ಮೇಲೆ ಕುಳಿತು ಪಾದದಿಂದಲೇ ಮರವನ್ನು ಅದುಮಿ ಹಿಡಿಯುತ್ತಿದ್ದ.

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣದಲ್ಲಿ ಬೊಂಬೆಯ ಕಸುಬು ಬೆಳೆದದ್ದೂ ಬಹುಮಟ್ಟಿಗೆ ಮನೆಗಳಲ್ಲೇ. ಜಪಾನಿನ ತಂತ್ರಗಳನ್ನು ಅಲ್ಲಿಗೆ ಒಗ್ಗಿಸಿದ ಕೀರ್ತಿ ಇಪ್ಪತ್ತನೆಯ ಶತಮಾನದ ಬಾವಾಸ್ ಮಿಯಾನ್ ಅವರದು. ಹಾಲೆ ಮರ ಮೆದು, ಬಿಳುಪು. ಚೆನ್ನಾಗಿ ಒಣಗಿಸದಿದ್ದರೆ ಬಿರುಕು ಬಿಡುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಶಾಖಕ್ಕೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಬಿಲ್ಲಿನಿಂದ ತಿರುಗಿಸುತ್ತಿದ್ದ ಕಡೆಯುವ ಯಂತ್ರದ ಜಾಗಕ್ಕೆ ಮುಂದೆ ವಿದ್ಯುತ್ ಲೇತ್ ಬಂದು ಕೆಲಸ ಚುರುಕಾಯಿತು.

ಆದರೆ ಯಂತ್ರ ಧೂಳನ್ನೂ ಹೆಚ್ಚಿಸಿತು. ಬಾಚಿ ಚಕ್ಕೆ ಎಬ್ಬಿಸುತ್ತದೆ, ಅದು ಕಾಲಡಿ ಬೀಳುತ್ತದೆ. ವಿದ್ಯುತ್ ಗರಗಸ, ಉಜ್ಜುವ ಯಂತ್ರಗಳ ನುಣುಪಾದ ಪುಡಿ ಉಸಿರಿನೊಡನೆ ಒಳಗಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಜಗಲಿಗೆ ಗೋಡೆಯಿರಲಿಲ್ಲ, ಗಾಳಿಯೇ ಕಸ ಗುಡಿಸುತ್ತಿತ್ತು. ಗ್ಯಾರೇಜಿಗೆ ಷಟರ್ ಇದೆ, ಅದರ ಒಳಬಾಗಿಲು ನೇರ ಮಕ್ಕಳು ಮಲಗುವ ಮನೆಗೇ ತೆರೆದಿರಬಹುದು.

ಆದ್ದರಿಂದ ಮನೆಯಲ್ಲಿ ಮರಗೆಲಸ ಆರಂಭಿಸುವವರು ಯಂತ್ರದ ಬೆಲೆ ವಿಚಾರಿಸುವ ಮೊದಲು ಗಾಳಿ ಹೋಗುವ ದಾರಿ ಹುಡುಕಲಿ, ಮೂಗಿಗೆ ಮುಸುಕಿರಲಿ. ಹಳೆಯ ಬಡಗಿಯ ಜಗಲಿಯಿಂದ ನಾವು ಎರವಲು ಪಡೆಯಬೇಕಾದದ್ದು ಅದರ ಬಯಲನ್ನು.